ಬೀಗದ ಕೈ ಯಾರ ಹತ್ತಿರ ಇದೆ?

(ಬಾಣಸವಾಡಿಯಲ್ಲಿ ಸೇರಿದ್ದ ಪದವಿ ಕಾಲೇಜು ಅಧ್ಯಾಪಕರ ಸಮಾವೇಶದಲ್ಲಿ ಮಾಡಿದ ಅಧ್ಯಕ್ಷ ಭಾಷಣ)



ಅಧ್ಯಕ್ಷರ ಸರದಿ ಬರುವ ಹೊತ್ತಿಗೆ ಸಾಂಬಾರಿನ ಒಗ್ಗರಣೆಯ ವಾಸನೆ ಸಭಾಂಗಣದೊಳಕ್ಕೆ ಬಂದಿರುತ್ತದೆ. ಇವತ್ತೂ ಬಂದಿದೆ. ಬೆಳಗ್ಗೆಯಿಂದ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಬ್ಲಾಕ್‌ಚೈನ್ ಎಂದೆಲ್ಲ ಕೇಳಿದ್ದೀರಿ. ನಾನು ಅಷ್ಟು ಎತ್ತರಕ್ಕೆ ಹತ್ತುವುದಿಲ್ಲ. ನನ್ನ ಮಾತು ಫೈಲಿನ ಬಗ್ಗೆ, ಫೋಲ್ಡರಿನ ಬಗ್ಗೆ, ಕೊನೆಗೆ ಒಂದು ಬೀಗದ ಬಗ್ಗೆ.

ಸಭೆ ಬಾಣಸವಾಡಿಯಲ್ಲಿ ಎಂದದ್ದಕ್ಕೇ ನಾನು ಬರಲು ಒಪ್ಪಿಕೊಂಡೆ. ನಾನು ಬೆಳೆದದ್ದು ಇಲ್ಲಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ. ನಮ್ಮಪ್ಪ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, 1964ರಲ್ಲಿ ಬಿಇಎಂಎಲ್. ಬೆಂಗಳೂರಿನ ಪೂರ್ವ ದಿಕ್ಕು ಬೆಳಗ್ಗೆ ಏಳುತ್ತಿದ್ದದ್ದೇ ಇವುಗಳ ಸೈರನ್ನಿಗೆ. ಸಾಫ್ಟ್‌ವೇರ್ ಎಂಬ ಪದ ಇಲ್ಲಿಗೆ ಬರುವ ಎಷ್ಟೋ ಮೊದಲೇ ತಾಂತ್ರಿಕ ಕೌಶಲ ಎಂದರೇನು ಎಂದು ಲಿಂಗರಾಜಪುರದಿಂದ ಕೆ.ಆರ್. ಪುರದವರೆಗಿನ ವಠಾರಗಳಿಗೆ ಗೊತ್ತಿತ್ತು.

ಅಪ್ರೆಂಟಿಸ್ ಆಗಿ ಸೇರಿದ ಮೊದಲ ತಿಂಗಳುಗಳಲ್ಲಿ ಅಪ್ಪ ಟೆಲಿಫೋನಿನ ಮುಖವನ್ನೇ ನೋಡಲಿಲ್ಲವಂತೆ. ಬೆಂಚಿನ ವೈಸ್‌ಗೆ ಒಂದು ಕಬ್ಬಿಣದ ತುಂಡು ಕಚ್ಚಿಸಿ, ಕೈಗೆ ಅರ ಕೊಟ್ಟು, ‘ಉಜ್ಜು’ ಎಂದರಂತೆ. ಅರ ಎಂದು ಹೇಳುವವರು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರಿಗೂ ಅದು ಫೈಲು. ಉಜ್ಜಿದ ಮೇಲೆ ಇನ್‌ಸ್ಟ್ರಕ್ಟರ್ ಬಂದು ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ತುಂಡಿಗೂ ಮಟ್ಟಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಸೋರಿದರೂ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಜಡ್ಡುಗಟ್ಟಿದ ಮೇಲೆ ಮುಂದಿನ ಪಾಠ. ನಿವೃತ್ತರಾಗಿ ಇಪ್ಪತ್ತು ವರ್ಷವಾದ ಮೇಲೂ ಅಪ್ಪ ಹೊಸ ಮೇಜು ಕಂಡರೆ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡುತ್ತಿದ್ದರು.

ಅಪ್ಪನ ಫೈಲು ಈಗ ಯಾಕೆ ನೆನಪಾಯಿತೆಂದರೆ, ನಮ್ಮ ಮಕ್ಕಳಿಗೆ ಅವರ ಫೈಲು ಎಲ್ಲಿದೆ ಎಂಬುದೇ ಗೊತ್ತಿಲ್ಲ.

ಹೋದ ವರ್ಷ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಬೆರಳು ಒತ್ತಬೇಕಿತ್ತು. ಆ ಯಂತ್ರ ಮನೆಯಲ್ಲಿರುವುದಿಲ್ಲವಲ್ಲ, ಹಾಗಾಗಿ ಬಸ್ ಸ್ಟಾಪಿನ ಹಿಂದಿರುವ ಸೈಬರ್ ಸೆಂಟರಿಗೆ ಹೋಗಿ ಸಾಲಿನಲ್ಲಿ ಕೂತಿದ್ದೆ. ಅದರ ಬೋರ್ಡು ನಿಮಗೂ ಗೊತ್ತಿರುವಂಥದ್ದೇ: ಜೆರಾಕ್ಸ್, ಲ್ಯಾಮಿನೇಷನ್, ಪಾನ್ ಕಾರ್ಡ್, ಸ್ಕಾಲರ್‌ಶಿಪ್, ರೈಲ್ವೆ ಟಿಕೆಟ್, ಎಲ್ಲ ತರಹದ ಆನ್‌ಲೈನ್ ಅರ್ಜಿ. ನನ್ನ ಮುಂದೆ ಒಬ್ಬ ಹುಡುಗಿ. ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು. ವಿದ್ಯಾರ್ಥಿವೇತನದ ಅರ್ಜಿಗೆ ಅಂಕಪಟ್ಟಿ ಸೇರಿಸಬೇಕು. ಫೋನಿನಲ್ಲಿ ತೆಗೆದ ಫೋಟೊ ನಾಲ್ಕು ಎಂಬಿ ಇದೆ, ಅಲ್ಲಿ ಕೇಳುತ್ತಿರುವುದು ಇನ್ನೂರು ಕೆಬಿಯ ಪಿಡಿಎಫ್.

‘ಅಣ್ಣಾ, ಸೈಜ್ ಕಮ್ಮಿ ಮಾಡ್ಕೊಡಿ.’

‘ನಿನ್ನ ಮೇಲ್ ಐಡಿ ಏನಮ್ಮಾ?’

‘ಹೋದ್ಸಲ ನೀವೇ ಮಾಡ್ಕೊಟ್ಟಿದ್ರಲ್ಲಣ್ಣಾ. ನಿಮ್ಮ ಬುಕ್ಕಲ್ಲಿ ಇರುತ್ತೆ ನೋಡಿ.’

ಅವನು ಉದ್ದನೆಯ ನೋಟ್‌ಬುಕ್ ತೆಗೆದ. ಹಾಲಿನವರ ಲೆಕ್ಕದ ಪುಸ್ತಕದ ಹಾಗೆ ಸಾಲುಸಾಲಾಗಿ ಹೆಸರು, ಫೋನ್ ನಂಬರು, ಇ-ಮೇಲ್, ಪಕ್ಕದಲ್ಲಿ ಪಾಸ್‌ವರ್ಡು. ಬೆರಳಾಡಿಸಿ ಅವಳದ್ದನ್ನು ಹುಡುಕಿದ. ಒಟಿಪಿ ಅವಳ ಅಪ್ಪನ ಫೋನಿಗೆ ಹೋಯಿತು, ಅಪ್ಪ ಆಟೋ ಓಡಿಸುತ್ತಿದ್ದರೋ ಏನೋ, ಎತ್ತಲಿಲ್ಲ. ಎರಡು ಸಲ ಸಮಯ ಮೀರಿತು. ಮೂರನೆಯ ಸಲ ಕೆಲಸ ಆಯಿತು. ಅರವತ್ತು ರೂಪಾಯಿ ಕೊಟ್ಟು ಹೊರಟವಳನ್ನು ಏನು ಓದುತ್ತಿದ್ದೀಯಮ್ಮ ಎಂದು ಕೇಳಿದೆ.

‘ಬಿಸಿಎ ಮೇಡಂ. ಸೆಕೆಂಡ್ ಇಯರ್.’

ಆ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಪಿಯುಸಿಗೇ ಓದು ಬಿಟ್ಟವನಂತೆ, ಕೈ ಮಾತ್ರ ಚುರುಕು. ಫೋಟೊ ಕತ್ತರಿಸುವುದು, ಪಿಡಿಎಫ್ ಜೋಡಿಸುವುದು, ತಾಣ ತೆರೆಯದಿದ್ದರೆ ಬ್ರೌಸರಿನಲ್ಲಿ ಏನನ್ನು ಅಳಿಸಬೇಕು ಎನ್ನುವುದು ಅವನಿಗೆ ಕರತಲಾಮಲಕ. ಯಾರೂ ಪಾಠ ಹೇಳಿಕೊಟ್ಟದ್ದಲ್ಲ, ದಿನಕ್ಕೆ ಹತ್ತು ಗಂಟೆ ಕೂತು ಬಂದದ್ದು. ಅವನ ಕೈಗೆ ಜಡ್ಡುಗಟ್ಟಿದೆ. ಲಿಂಕ್ಡ್ ಲಿಸ್ಟ್ ಪ್ರೋಗ್ರಾಮನ್ನು ಬಾಯಿಪಾಠ ಮಾಡಿ ರೆಕಾರ್ಡ್ ಬುಕ್ಕಿನಲ್ಲಿ ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿಸಿಕೊಂಡ ನಮ್ಮ ಹುಡುಗಿ ಅವನಿಗೆ ಅರವತ್ತು ರೂಪಾಯಿ ಕೊಟ್ಟು ಬರುತ್ತಾಳೆ.

ಒಂದು ಪದವಿ ಮುಗಿಸುವಷ್ಟರಲ್ಲಿ ಇಂಥ ಎಷ್ಟು ಬಾಗಿಲು ದಾಟಬೇಕು ನೋಡಿ. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶಕ್ಕೆ ಯುಯುಸಿಎಂಎಸ್. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ. ಅಂಕಪಟ್ಟಿ ಇಡಲು ಡಿಜಿಲಾಕರ್, ಕ್ರೆಡಿಟ್ಟು ಕೂಡಿಡಲು ಎಬಿಸಿ ಐಡಿ. ಪದವಿ ಮುಗಿದು ಕೆಲಸ ಸಿಗದಿದ್ದರೆ ತಿಂಗಳಿಗೆ 3000 ರೂಪಾಯಿಯ ಯುವನಿಧಿ, ಅದಕ್ಕೆ ಸೇವಾ ಸಿಂಧು. ಇವೆಲ್ಲವೂ ವಿದ್ಯಾರ್ಥಿ ತಾನೇ ಮಾಡಿಕೊಳ್ಳಲಿ ಎಂದೇ ಮಾಡಿರುವ ವ್ಯವಸ್ಥೆಗಳು. ಮಾಡಿಕೊಳ್ಳಲು ಬರಬೇಕಲ್ಲ.

ಮಕ್ಕಳ ಕೈಯಲ್ಲಿ ಫೋನಿದೆ, ತಂತ್ರಜ್ಞಾನ ಅವರಿಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾವು ನಂಬಿಕೊಂಡಿದ್ದೇವೆ. ಫೋನು ಬಹಳ ಸೌಜನ್ಯದ ಯಂತ್ರ. ಒಳಗೆ ಏನಿದೆ, ಎಲ್ಲಿದೆ ಎಂದು ತೋರಿಸಿ ನಮಗೆ ಬೇಸರ ಮಾಡುವುದಿಲ್ಲ. ನಿನ್ನ ಪ್ರಾಜೆಕ್ಟ್ ವರದಿ ಎಲ್ಲಿದೆಯಪ್ಪ ಎಂದರೆ ‘ವಾಟ್ಸ್ಆ್ಯಪಲ್ಲಿದೆ ಮೇಡಂ’. ಯಾರ ಚಾಟಿನಲ್ಲಿ? ‘ನಂದೇ ಮೇಡಂ, ನನಗೆ ನಾನೇ ಕಳಿಸ್ಕೊಂಡಿದೀನಿ.’ ಕಂಪ್ಯೂಟರಿನ ಮುಂದೆ ಕೂರಿಸಿ ಇದನ್ನು ಒಂದು ಫೋಲ್ಡರಿನಲ್ಲಿ ಇಡು ಎಂದರೆ ಡೆಸ್ಕ್‌ಟಾಪಿನ ಮೇಲೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ ಎರಡು’, ‘ನ್ಯೂ ಫೋಲ್ಡರ್ ಮೂರು’ ಎಂದು ಅನಾಥ ಮಕ್ಕಳ ಹಾಗೆ ಸಾಲು ನಿಲ್ಲುತ್ತವೆ. ಹೆಸರಿಡುವುದು, ಜಾಗ ತೋರಿಸುವುದು, ಹಳೆಯದನ್ನು ಉಳಿಸಿಕೊಂಡು ಹೊಸದನ್ನು ತಿದ್ದುವುದು, ಇನ್ನೊಂದು ಕಡೆ ನಕಲು ಇಡುವುದು: ಇದೇ ಈ ಕಾಲದ ಉಜ್ಜುವ ಕೆಲಸ. ಇಷ್ಟಾದ ಮೇಲೆ ಪೈಥಾನ್ ಹೇಳಿಕೊಡಿ, ನಿಲ್ಲುತ್ತದೆ. ಇದಿಲ್ಲದೆ ಹೇಳಿಕೊಟ್ಟರೆ ಬರೆದ ಪ್ರೋಗ್ರಾಮನ್ನು ಎಲ್ಲಿ ಉಳಿಸಿದೆ ಎಂದು ಹುಡುಕುವುದರಲ್ಲೇ ಲ್ಯಾಬಿನ ಅರ್ಧ ಗಂಟೆ ಹೋಗುತ್ತದೆ. ನನ್ನ ಸೇವಾವಧಿಯ ಕೊನೆಯ ಐದು ವರ್ಷ ಹಾಗೇ ಹೋಯಿತು.

ಇನ್ನೊಂದು ದೃಶ್ಯ ಹೇಳಿ ಮುಂದೆ ಹೋಗುತ್ತೇನೆ. ಅಂತಿಮ ವರ್ಷದ ಬಿ.ಕಾಂ. ಹುಡುಗನೊಬ್ಬ ಎಕ್ಸೆಲ್‌ನಲ್ಲಿ ಕಾಲೇಜು ಹಬ್ಬದ ಖರ್ಚಿನ ಪಟ್ಟಿ ಮಾಡುತ್ತಿದ್ದ. ಶಾಮಿಯಾನ, ಮೈಕ್ ಸೆಟ್, ಊಟ, ಹಾರ, ಎಲ್ಲವನ್ನೂ ಅಂದವಾಗಿ ತುಂಬಿದ. ಆಮೇಲೆ ಜೇಬಿನಿಂದ ಫೋನು ತೆಗೆದು, ಕ್ಯಾಲ್ಕ್ಯುಲೇಟರಿನಲ್ಲಿ ಒಂದೊಂದೇ ಅಂಕಿ ಕೂಡಿ, ಬಂದ ಮೊತ್ತವನ್ನು ಕೊನೆಯ ಚೌಕದಲ್ಲಿ ಟೈಪ್ ಮಾಡಿದ. ಶಾಮಿಯಾನದವನು ಐನೂರು ಕಡಿಮೆ ಮಾಡಿಕೊಂಡಾಗ ಮತ್ತೆ ಫೋನು ಹೊರಗೆ ಬಂತು. ನಾನು ಹಿಂದೆ ನಿಂತು ನೋಡುತ್ತಲೇ ಇದ್ದೆ. ಕೂಡುವ ಸೂತ್ರ ತೋರಿಸಿದಾಗ ಅವನ ಮುಖದಲ್ಲಿ ಬಂದ ಬೆರಗು, ಆಮೇಲೆ ಬಂದ ಸಣ್ಣ ಕೋಪ ಈಗಲೂ ಕಣ್ಣಿಗೆ ಕಟ್ಟಿದೆ. ಮೂರು ವರ್ಷ ಇದನ್ನು ಯಾಕೆ ಯಾರೂ ಹೇಳಲಿಲ್ಲ ಎಂಬ ಕೋಪ. ಅವನ ಅಂಕಪಟ್ಟಿಯಲ್ಲಿ ಕಂಪ್ಯೂಟರ್ ವಿಷಯದಲ್ಲಿ ಒಳ್ಳೆಯ ಅಂಕವೇ ಇತ್ತು.

2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಪದವಿಯ ಎಲ್ಲ ವಿಭಾಗದವರಿಗೂ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ವಿಷಯ ಬಂತು. ನನಗೆ ಖುಷಿಯಾಗಿತ್ತು. ಕಲಾ ವಿಭಾಗದ ಮಕ್ಕಳೂ ಕೀಲಿಮಣೆ ಮುಟ್ಟುತ್ತಾರಲ್ಲ ಎಂದುಕೊಂಡೆ. ಪಠ್ಯದಲ್ಲಿ ಕೃತಕ ಬುದ್ಧಿಮತ್ತೆ, ಕ್ಲೌಡು, ಬಿಗ್ ಡೇಟಾ ಎಲ್ಲ ಇತ್ತು. ನಾನು ಕಣ್ಣಾರೆ ಕಂಡ ಒಂದು ಕಾಲೇಜಿನಲ್ಲಿ ಅದರ ಪಾಠ ಕಪ್ಪುಹಲಗೆಯ ಮೇಲೆ ನಡೆಯಿತು, ನೋಟ್ಸು ಬರೆಸಿದರು, ಪರೀಕ್ಷೆಯಲ್ಲಿ ಮಕ್ಕಳು ಸರಿಯುತ್ತರಕ್ಕೆ ಗುರುತು ಹಾಕಿದರು. ಈಜಿನ ಬಗ್ಗೆ ಒಳ್ಳೆಯ ಉಪನ್ಯಾಸ. 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಬಂತು. ಪ್ರೊ. ಸುಖದೇವ ಥೋರಟ್ ಅವರ ಆಯೋಗ 2025ರಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿಯನ್ನೂ ಕೊಟ್ಟಿದೆ. ಪಠ್ಯಕ್ರಮ ಇನ್ನೆಷ್ಟು ಸಲ ಬದಲಾಗುತ್ತದೋ, ಆಗಲಿ. ಕೀಲಿಮಣೆ ಮುಟ್ಟದೆ ಉತ್ತೀರ್ಣರಾಗುವ ದಾರಿ ಮುಚ್ಚದಿದ್ದರೆ ಹೆಸರು ಏನಿಟ್ಟರೂ ಒಂದೇ.

ಈಗ ಕನ್ನಡದ ವಿಷಯ. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಿ.

ಬಾಣಸವಾಡಿಯ ತರಗತಿಯಲ್ಲಿ ಐದು ಭಾಷೆ ಕೂತಿರುತ್ತವೆ. ಕಮ್ಮನಹಳ್ಳಿ, ಕಾಕ್ಸ್‌ಟೌನ್ ಕಡೆಯ ತಮಿಳು, ಉರ್ದು, ಮಲಯಾಳ. ಮಾಲೂರು, ಬಂಗಾರಪೇಟೆಯಿಂದ ರೈಲಿನಲ್ಲಿ ಬರುವ ಮಕ್ಕಳ ತೆಲುಗು ಬೆರೆತ ಕನ್ನಡ. ಇವರೆಲ್ಲ ಮಾತಿನಲ್ಲಿ ಕನ್ನಡ ಆಡುತ್ತಾರೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡುತ್ತಾರೆ. ಕನ್ನಡ ಎಂ.ಎ. ಮಾಡುವವರೂ ಪ್ರಬಂಧವನ್ನು ಕೈಯಲ್ಲಿ ಬರೆದು ಡಿಟಿಪಿ ಅಂಗಡಿಗೆ ಕೊಡುತ್ತಾರೆ, ಪುಟಕ್ಕೆ ಇಷ್ಟು ಎಂದು ಹಣ ಎಣಿಸುತ್ತಾರೆ, ಮಾರ್ಗದರ್ಶಕರು ತಿದ್ದಿದಾಗಲೆಲ್ಲ ಮತ್ತೆ ಓಡುತ್ತಾರೆ.

ಕಲಿಯಲು ಕಷ್ಟವಾಗಿ ಹೀಗಾಗಿದ್ದರೆ ಸುಮ್ಮನಿರಬಹುದಿತ್ತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಎಷ್ಟು ಸರಳ ಎಂದರೆ, ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಜಿ’ ಒತ್ತಿದರೆ ಗ, ಶಿಫ್ಟ್ ಹಿಡಿದರೆ ಘ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ಅಷ್ಟೇ. ನಮ್ಮ ವರ್ಣಮಾಲೆಯ ಅಲ್ಪಪ್ರಾಣ ಮಹಾಪ್ರಾಣದ ಜೋಡಿಯನ್ನೇ ಕೀಲಿಮಣೆಗೆ ಇಳಿಸಿದ ಬುದ್ಧಿ ಅದು. ರಾಜ್ಯ ಸರ್ಕಾರ ಮಾನ್ಯ ಮಾಡಿದ್ದೂ ಇದನ್ನೇ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಬಂದದ್ದೂ ಇದೇ. ಹದಿನೈದು ದಿನ, ದಿನಕ್ಕೆ ಅರ್ಧ ಗಂಟೆ ಕೂರಿಸಿದರೆ ಯಾವ ಭಾಷೆಯ ಮನೆಯಿಂದ ಬಂದ ಮಗುವಿಗೂ ಬರುತ್ತದೆ. ನಾನು ಕೂರಿಸಿ ನೋಡಿದ್ದೇನೆ. ಮೊದಲು ಕಲಿತವಳು ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ.

ಇನ್ನೂ ಒಂದು ತೊಡಕಿದೆ, ಅದು ನಮ್ಮ ಕಚೇರಿಗಳದ್ದು. ಇಪ್ಪತ್ತೈದು ವರ್ಷದ ಹಿಂದೆ ‘ಬರಹ’, ‘ನುಡಿ’ ತಂತ್ರಾಂಶಗಳು ಬಂದಾಗ ಕಂಪ್ಯೂಟರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಒಳಗೆ ಇಂಗ್ಲಿಷಿನ ಅಕ್ಷರ, ಚಿಹ್ನೆಗಳನ್ನೇ ಇಟ್ಟು, ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿ ಕೆಲಸ ಸಾಗಿಸಿದರು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಈಗ ಯೂನಿಕೋಡ್ ಬಂದು, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಸಿಕ್ಕಿ, ಎಲ್ಲ ಫೋನುಗಳೂ ಅದನ್ನೇ ಬಳಸುತ್ತಿರುವಾಗಲೂ ಎಷ್ಟೋ ಕಡೆ ಸುತ್ತೋಲೆ, ಪ್ರಶ್ನೆಪತ್ರಿಕೆ, ಅಧ್ಯಯನ ಸಾಮಗ್ರಿ ಹಳೆಯ ವೇಷದಲ್ಲೇ ಇವೆ. ಅಂಥ ಕಡತದಲ್ಲಿ ‘ಬಾಣಸವಾಡಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಗೊಬ್ಬರದ ಗುಂಡಿ.

ಮೊದಲ ವರ್ಷದ ಕಂಪ್ಯೂಟರ್ ವಿಜ್ಞಾನಕ್ಕೆ ನಾನು ಇದನ್ನೇ ಪಾಠ ಮಾಡಿಕೊಂಡಿದ್ದೆ. ಬಾಣಸವಾಡಿ ಎಂದು ಹಲಗೆಯ ಮೇಲೆ ಬರೆದು ಎಷ್ಟು ಅಕ್ಷರ ಎಂದು ಕೇಳುವುದು. ಐದು ಎನ್ನುತ್ತಿದ್ದರು. ಕಂಪ್ಯೂಟರಿಗೆ ಅದು ಎಂಟು. ಬ, ಅದರ ದೀರ್ಘ, ಣ, ಸ, ವ, ಮತ್ತೆ ದೀರ್ಘ, ಡ, ಅದರ ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟಿನಂತೆ 24 ಬೈಟು. ಇಂಗ್ಲಿಷಿನಲ್ಲಿ ಇದೇ ಹೆಸರು ಒಂಬತ್ತು ಅಕ್ಷರ, ಒಂಬತ್ತೇ ಬೈಟು. ಕನ್ನಡದ ಹೆಸರು ಅರ್ಜಿಯ ಚೌಕದಲ್ಲಿ ಹಿಡಿಸದೆ ಯಾಕೆ ಅರ್ಧಕ್ಕೇ ತುಂಡಾಗುತ್ತದೆ, ಕೃತಕ ಬುದ್ಧಿಯ ಯಂತ್ರಗಳು ಕನ್ನಡವನ್ನು ಯಾಕೆ ಇಂಗ್ಲಿಷಿಗಿಂತ ಹೆಚ್ಚು ಚೂರು ಮಾಡಿ ನುಂಗುತ್ತವೆ ಎಂಬ ಪ್ರಶ್ನೆಗಳಿಗೆ ಇಲ್ಲಿಂದ ಹೆಜ್ಜೆ ಹಾಕಬಹುದು. ಪಠ್ಯಪುಸ್ತಕದ ಎಲ್ಲ ಉದಾಹರಣೆಯೂ ಬೇರೆ ದೇಶದ ಊರಿನದೇ ಆಗಬೇಕಿಲ್ಲ.

ಯೂನಿಕೋಡಿನ ಮಾತು ದೃಷ್ಟಿಹೀನ ಮಕ್ಕಳಿಗೆ ಬದುಕಿನ ಪ್ರಶ್ನೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡಿನ ಕನ್ನಡವನ್ನು ಮಾತ್ರ. ಹಳೆಯ ನುಡಿ ಅಕ್ಷರದ ನೋಟ್ಸು ಕೊಟ್ಟರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಗಡಗಡ ಒದರುತ್ತದೆ. ನಮ್ಮದೇ ಪೂರ್ವ ಭಾಗದಿಂದ, ಸ್ಕ್ರೀನ್ ರೀಡರ್ ಹಿಡಿತಕ್ಕೆ ತಂದುಕೊಂಡು ಕಾಲೇಜಿಗೆ ಬರುವ ಮಕ್ಕಳಿದ್ದಾರೆ. ಆ ಕೌಶಲ ಅವರಿಗಿದೆ. ಓದಲು ಬರುವ ಕಡತ ಕೊಡುವ ಕೌಶಲ ನಮಗಿಲ್ಲ. ನಾಳೆಯಿಂದ ಒಂದೇ ಒಂದು ಸುತ್ತೋಲೆಯನ್ನೂ ಫೋಟೊ ತೆಗೆದು ಗ್ರೂಪಿಗೆ ಹಾಕುವುದಿಲ್ಲ ಎಂದು ಪ್ರಾಂಶುಪಾಲರು ತೀರ್ಮಾನಿಸಿದರೆ ಅದಕ್ಕೆ ಯಾವ ಅನುದಾನವೂ ಬೇಡ.

ಕೃತಕ ಬುದ್ಧಿಯ ಬಗ್ಗೆ ಬೆಳಗ್ಗೆ ಸಾಕಷ್ಟು ಆಗಿದೆ, ನಾನು ಎರಡು ಮಾತು ಸೇರಿಸುತ್ತೇನೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ ಮೇಲೆ ನಮ್ಮ ಅಸೈನ್‌ಮೆಂಟುಗಳು ಸತ್ತವು. ಸಾಯಲಿ ಬಿಡಿ. ಅದಕ್ಕೂ ಮೊದಲು ಸೀನಿಯರ್‌ಗಳ ಅಸೈನ್‌ಮೆಂಟನ್ನು ನೋಡಿ ಬರೆಯುತ್ತಿದ್ದರು, ನಾವು ಓದದೆ ಸಹಿ ಹಾಕುತ್ತಿದ್ದೆವು. ನಿಷೇಧಿಸಿ ಪ್ರಯೋಜನವಿಲ್ಲ. ನಾನು ಇತ್ತೀಚೆಗೆ ಪರಿಚಯದ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಬೀದಿಯ ದೇವಸ್ಥಾನದ, ಚರ್ಚಿನ, ಕೆರೆಯ ಬಗ್ಗೆ ಯಂತ್ರವನ್ನು ಕೇಳಿ, ಅದು ಹೇಳಿದ್ದನ್ನು ಅಚ್ಚು ಹಾಕಿಸಿಕೊಂಡು ಅಲ್ಲಿಗೇ ಹೋಗಿ, ಶಾಸನ, ನಾಮಫಲಕ, ಹಿರಿಯರ ಮಾತು ಎಲ್ಲಕ್ಕೂ ತಾಳೆ ನೋಡಿ ಕೆಂಪು ಪೆನ್ನಿನಲ್ಲಿ ತಿದ್ದಿಕೊಂಡು ಬನ್ನಿ ಎಂದೆ. ಒಂದೇ ಪ್ರಶ್ನೆಗೆ ಇಬ್ಬರು ಮಕ್ಕಳಿಗೆ ಎರಡು ಬೇರೆ ಶತಮಾನ ಸಿಕ್ಕಿತ್ತು, ಎರಡೂ ಕಡೆ ಒಂಚೂರೂ ಅಳುಕಿಲ್ಲದ ಭಾಷೆ. ಕೆಂಪಾಗಿ ಬಂದ ಹಾಳೆಗಳನ್ನು ನೋಡಿದಾಗ ಕಿಟಕಿಯ ಬೆಳಕಿಗೆ ಹಿಡಿದ ಮೂಲೆಮಟ್ಟ ನೆನಪಾಯಿತು. ಯಂತ್ರ ಕೊಟ್ಟದ್ದನ್ನು ಮಟ್ಟ ಇಟ್ಟು ನೋಡುವ ಅಭ್ಯಾಸ ಇದ್ದವರಿಗೆ ಅದರಿಂದ ಭಯವಿಲ್ಲ.

ಸುರಕ್ಷತೆಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ, ವಿಷಯ ಚಿಕ್ಕದೆಂದಲ್ಲ. ‘ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು, ಐದು ಸಾವಿರ ಕೊಡ್ತೀವಿ’ ಎಂದು ಕಾಲೇಜು ಮಕ್ಕಳನ್ನು ಹಿಡಿಯುವ ಜಾಲಗಳಿವೆ. ವಂಚನೆಯ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಬರುವುದು ಖಾತೆಯ ಹೆಸರಿನ ಮನೆಗೆ. ಹಣ ಕಳೆದುಕೊಂಡ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು, ಈಗಲೇ ಕೈ ಎತ್ತಿ. ನೋಡಿ, ಮೇಷ್ಟ್ರುಗಳೂ ಎತ್ತಲಿಲ್ಲ.

ಈಗ ಬೀಗದ ವಿಷಯಕ್ಕೆ ಬರುತ್ತೇನೆ.

ಕಾಲೇಜಿನಲ್ಲಿ ಕಂಪ್ಯೂಟರ್ ಇಲ್ಲ ಎನ್ನುವ ಕಾಲ ಹೋಯಿತು. ಸರ್ಕಾರ ಲ್ಯಾಪ್‌ಟಾಪ್ ಹಂಚಿತು, 2021ರಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಕೋವಿಡ್ ಕಾಲದಲ್ಲಿ ಅದು ಒದಗಿಬಂತು, ಇಲ್ಲ ಎನ್ನುವುದಿಲ್ಲ. ಆದರೂ ಟ್ಯಾಬ್ಲೆಟ್ ಎಂದರೆ ದೊಡ್ಡ ಫೋನೇ. ಎಲ್ಲ ಕಾಲೇಜಿನಲ್ಲೂ ಒಂದು ಲ್ಯಾಬ್ ಇದೆ. ಕಾಲೇಜಿಗೆ ಶ್ರೇಣಿ ಕೊಡುವ ನ್ಯಾಕ್ ತಂಡ ಬಂದ ದಿನ ಅದರ ಬಾಗಿಲು ತೆರೆದಿರುತ್ತದೆ, ಕೀಲಿಮಣೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರುತ್ತಾರೆ. ಉಳಿದ ದಿನ ಟೈಮ್‌ಟೇಬಲ್ಲಿನ ಎರಡು ಗಂಟೆ ಬಿಟ್ಟರೆ ಬೀಗ.

ಯಾಕೆ ಬೀಗ? ಇದಕ್ಕೆ ಉತ್ತರ ಕೊಡುವ ಅರ್ಹತೆ ನನಗಿದೆ, ಏಕೆಂದರೆ ನಾನೂ ಬೀಗ ಹಾಕಿದವಳೇ. ಹನ್ನೊಂದು ವರ್ಷ ಲ್ಯಾಬಿನ ಸ್ಟಾಕ್ ಬುಕ್ ನನ್ನ ಹೆಸರಲ್ಲಿತ್ತು. ಒಂದು ಸಲ ಎರಡು ಮೌಸು, ಒಂದು ಕೀಲಿಮಣೆ ಕಾಣೆಯಾದವು. ಆಡಿಟ್ ಆಕ್ಷೇಪಣೆ ಬಂತು, ಸಮಜಾಯಿಷಿ ಬರೆದೆ, ಮತ್ತೆ ಆಕ್ಷೇಪಣೆ ಬಂತು. ಕೊನೆಗೆ ಎಸ್.ಪಿ. ರಸ್ತೆಗೆ ಹೋಗಿ ನನ್ನ ಕೈಯಿಂದ ಕೊಂಡು ತಂದಿಟ್ಟೆ. ಆವತ್ತಿನಿಂದ ಬೀಗದ ಕೈ ನನ್ನ ಬ್ಯಾಗು ಬಿಟ್ಟು ಕದಲಲಿಲ್ಲ. ಸಂಜೆ ನಾಲ್ಕೂವರೆಗೆ ‘ಮೇಡಂ, ಒಂದು ಅರ್ಧ ಗಂಟೆ’ ಎಂದು ಬಂದ ಮಕ್ಕಳನ್ನು ವಾಪಸ್ಸು ಕಳಿಸಿದ್ದೇನೆ. ನಿವೃತ್ತಿಯ ದಿನ ಬಾಕಿ ಇಲ್ಲ ಎಂಬ ಪತ್ರಕ್ಕಾಗಿ ಎಣಿಸಿ ಕೊಟ್ಟೆ, ಎಲ್ಲ ಕಂಪ್ಯೂಟರೂ ಇದ್ದವು, ಅರ್ಧದಷ್ಟು ಹೊಸದರ ಹಾಗೇ ಇದ್ದವು. ಲೆಕ್ಕ ಸರಿಯಾಗಿತ್ತು. ನನ್ನ ವೃತ್ತಿಯಲ್ಲಿ ನನಗೆ ನಾಚಿಕೆಯಾಗುವ ವಿಷಯ ಅದೊಂದೇ.

ತಪ್ಪು ಬೀಗ ಹಾಕಿದವರದ್ದು ಎಂದು ನಾನು ಹೇಳುವುದಿಲ್ಲ. ಉಪಯೋಗಿಸಿ ಹಾಳಾದ ಮೌಸಿಗೆ ಲೆಕ್ಕ ಕೇಳುವ ನಿಯಮ, ಉಪಯೋಗಿಸದೆ ಹಾಳಾದ ಹುಡುಗರಿಗೆ ಲೆಕ್ಕ ಕೇಳುವುದಿಲ್ಲ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಪಾಠದ ಬಹುಪಾಲು ಹೊರೆ ಅತಿಥಿ ಉಪನ್ಯಾಸಕರ ಮೇಲೆ. ಗಂಟೆಯ ಲೆಕ್ಕದಲ್ಲಿ ದುಡಿಯುವವರನ್ನು ಸಂಜೆಯೂ ಲ್ಯಾಬಿನಲ್ಲಿ ಕೂತಿರಿ ಎನ್ನಲು ನಮಗೆ ಯಾವ ಬಾಯಿ? ಹಾಗಾಗಿ ಹೇಳುವುದನ್ನು ಇಲಾಖೆಗೆ ಹೇಳಬೇಕು. ವರ್ಷಕ್ಕೆ ಇಂತಿಷ್ಟು ಸಣ್ಣ ಸಾಮಾನು ಸವೆದುಹೋಗುತ್ತದೆ ಎಂದು ಮೊದಲೇ ಒಪ್ಪಿ ವಜಾ ಮಾಡಲು ಪ್ರಾಂಶುಪಾಲರಿಗೆ ಅಧಿಕಾರ ಕೊಡಿ. ಸಂಜೆ ನಾಲ್ಕರಿಂದ ಏಳರವರೆಗೆ ಲ್ಯಾಬ್ ತೆರೆದಿಡಿ. ಅಂತಿಮ ವರ್ಷದ ಇಬ್ಬರು ಮಕ್ಕಳಿಗೆ ಗೌರವಧನ ಕೊಟ್ಟು ಅಲ್ಲಿ ಕೂರಿಸಿ. ಅವರು ಪಾಠ ಮಾಡುವುದು ಬೇಡ, ಬಂದವರ ಪಕ್ಕದಲ್ಲಿ ನಿಂತರೆ ಸಾಕು. ಒಂದು ಷರತ್ತು ಮಾತ್ರ: ಮೌಸು ಬಂದವರ ಕೈಯಲ್ಲೇ ಇರಬೇಕು. ಅರ್ಜಿ ತುಂಬಿಕೊಟ್ಟರೆ ಅದೂ ಇನ್ನೊಂದು ಸೈಬರ್ ಸೆಂಟರ್ ಆಗುತ್ತದೆ.

ಹಳೆಯ ಯಂತ್ರ ಎನ್ನುವ ನೆಪವೂ ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿ ಓಡದ ಎಷ್ಟೋ ಕಂಪ್ಯೂಟರುಗಳು ಈಗ ಗುಜರಿಯ ದಾರಿಯಲ್ಲಿವೆ. ಅವುಗಳಿಗೆ ಲಿನಕ್ಸ್ ಹಾಕಿದರೆ ಇನ್ನೂ ಐದು ವರ್ಷ ದುಡಿಯುತ್ತವೆ. ಹೇಳಿಕೊಡುವವರಿಲ್ಲ ಎಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ, ಲಿಬ್ರೆ ಆಫೀಸಿನಿಂದ ಹಿಡಿದು ಹಲವು ಪಾಠಗಳು ಕನ್ನಡದ ದನಿಯಲ್ಲೇ ಇವೆ, ಬಿಡಿಗಾಸಿನ ಖರ್ಚಿಲ್ಲ.

ಇದು ಆಗುವ ಮಾತೇ ಎನ್ನುವವರು ಕಾಸರಗೋಡಿನ ಕಡೆ ನೋಡಿ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಆಮೇಲೆ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ತಿರುಗಿಸಿತು. ಅಧ್ಯಾಪಕರಿಗೇ ಮೊದಲು ತರಬೇತಿ ಕೊಟ್ಟಿತು. 2018ರಲ್ಲಿ ‘ಲಿಟ್ಲ್ ಕೈಟ್ಸ್’ ಎಂದು ಪ್ರೌಢಶಾಲೆಯ ಮಕ್ಕಳದ್ದೇ ಕ್ಲಬ್ಬುಗಳನ್ನು ಕಟ್ಟಿತು. ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಕನ್ನಡದ ಮಗು ಹೈಸ್ಕೂಲಿನಲ್ಲೇ ಕನ್ನಡದಲ್ಲಿ ಕಂಪ್ಯೂಟರ್ ಕಲಿಯುತ್ತಿರುವುದು ಕೇರಳ ಸರ್ಕಾರದ ಖರ್ಚಿನಲ್ಲಿ. ಮಾನ್ಯತಾ ಟೆಕ್ ಪಾರ್ಕಿಗೂ ಬಾಗ್ಮನೆ ಟೆಕ್ ಪಾರ್ಕಿಗೂ ನಡುವೆ ಕೂತಿರುವ ಬಾಣಸವಾಡಿಯವರಾದ ನಾವು ಇದನ್ನು ಕೇಳಿ ಸುಮ್ಮನೆ ಚಪ್ಪಾಳೆ ತಟ್ಟಬಾರದು.

ಆ ಟೆಕ್ ಪಾರ್ಕಿನವರಿಗೂ ಒಂದು ಮಾತು. ಸಿಎಸ್‌ಆರ್ ಹೆಸರಿನಲ್ಲಿ ಕಂಪ್ಯೂಟರ್ ಕೊಡಬೇಡಿ, ಕೊಟ್ಟರೆ ಅದೂ ಸ್ಟಾಕ್ ಬುಕ್ಕಿಗೆ ಏರುತ್ತದೆ. ತಿಂಗಳಿಗೆ ಎರಡು ಶನಿವಾರ ನಿಮ್ಮಲ್ಲಿ ಕೆಲಸ ಮಾಡುವ ಒಬ್ಬರನ್ನು ಕಳಿಸಿ. ಭಾಷಣಕ್ಕಲ್ಲ, ಮಕ್ಕಳ ಪಕ್ಕದಲ್ಲಿ ಕೂತು ಅವರ ಫೈಲುಗಳನ್ನು ನೋಡುವುದಕ್ಕೆ. ಹೊರವರ್ತುಲ ರಸ್ತೆಯ ಮೇಲೆ ಮೆಟ್ರೊ ನೀಲಿ ಮಾರ್ಗದ ಕಂಬಗಳು ಎದ್ದಿವೆ. ಎಚ್‌ಆರ್‌ಬಿಆರ್ ಬಡಾವಣೆಗೆ, ಕಲ್ಯಾಣನಗರಕ್ಕೆ ಮೆಟ್ರೊ ಬಂದ ಮೇಲೆ ಟ್ರಾಫಿಕ್ ಎನ್ನುವ ನೆಪವೂ ಇರುವುದಿಲ್ಲ.

ಕೊನೆಯದಾಗಿ ಪರೀಕ್ಷೆ. ಇನ್ನೊಂದು ಸರ್ಟಿಫಿಕೇಟ್ ಕೋರ್ಸು ಬೇಡ. ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಒಂದು ಗಂಟೆ ಪ್ರತಿಯೊಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ. ತನ್ನದೇ ಅಂಕಪಟ್ಟಿಯನ್ನು ಕೇಳಿದ ಗಾತ್ರಕ್ಕೆ ತರಲಿ. ಮೂರು ವರ್ಷದ ಅಂಕಗಳ ಸರಾಸರಿಯನ್ನು ಸೂತ್ರ ಹಾಕಿ ತೆಗೆಯಲಿ. ತನ್ನೂರಿನ ಬಗ್ಗೆ ಹತ್ತು ಸಾಲು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಲಿ. ಎಲ್ಲವನ್ನೂ ಒಂದು ಇ-ಮೇಲಿನಲ್ಲಿ, ವಿಷಯದ ಸಾಲು ಬರೆದು, ಪ್ರಾಂಶುಪಾಲರಿಗೆ ಕಳಿಸಲಿ. ನಮ್ಮ ಅಧ್ಯಾಪಕರಲ್ಲಿ ಎಷ್ಟು ಜನ ಇದರಲ್ಲಿ ಪಾಸಾಗುತ್ತೇವೆ ಎಂದು ನಾನು ಈ ವೇದಿಕೆಯ ಮೇಲೆ ಕೇಳುವುದಿಲ್ಲ, ಊಟ ಸೇರುವುದಿಲ್ಲ.

ಸಮಾವೇಶದ ನಿರ್ಣಯಗಳನ್ನು ಮಧ್ಯಾಹ್ನ ಓದುತ್ತಾರೆ. ಅವು ಇಲಾಖೆಗೆ ಹೋಗಿ, ಅಲ್ಲಿಂದ ಏನಾಗುತ್ತದೋ ಆಗಲಿ. ಅಷ್ಟರಲ್ಲಿ ನೀವು ಸೋಮವಾರ ಕಾಲೇಜಿಗೆ ಹೋದಾಗ ಹಾಜರಿ ಹಾಕಿದ ಮೇಲೆ ನೆಟ್ಟಗೆ ಲ್ಯಾಬಿನ ಬಾಗಿಲಿಗೆ ಹೋಗಿ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ, ಇಸಿದುಕೊಂಡು ಬಾಗಿಲು ತೆಗೆಯಿರಿ. ಮೌಸು ಕಳೆದರೆ ನನಗೆ ಫೋನ್ ಮಾಡಿ, ಎಸ್.ಪಿ. ರಸ್ತೆಯಲ್ಲಿ ಒಳ್ಳೆಯದು ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತು.